ಬಣ್ಣಕ್ಕಲ್ಲ ಬ್ಯಾಡಗಿ

ದಿನಸಿ ಅಂಗಡಿಯಲ್ಲಿ ಒಣಮೆಣಸಿನಕಾಯಿ ಕೇಳಿ ನೋಡಿ. "ಬಣ್ಣಕ್ಕಾ, ಖಾರಕ್ಕಾ?" ಎಂದು ಮರುಪ್ರಶ್ನೆ ಬರುತ್ತದೆ. ಬಣ್ಣಕ್ಕೆ ಎಂದರೆ ಅಂಗಡಿಯವರ ಕೈ ಬ್ಯಾಡಗಿ ಚೀಲಕ್ಕೆ ಹೋಗುತ್ತದೆ, ಖಾರಕ್ಕೆ ಎಂದರೆ ಗುಂಟೂರು ಚೀಲಕ್ಕೆ. ಎರಡೂ ಅರ್ಧರ್ಧ ಎಂದರೆ, ಇವರು ತಿಳಿದವರು ಎಂಬಂತೆ ಒಂದು ನಗು. ಅಡುಗೆ ಪುಸ್ತಕಗಳು ಹೇಳುವುದೂ ಇದನ್ನೇ, ಟೀವಿಯಲ್ಲಿ ಬಾಣಲೆ ಹಿಡಿದವರು ಹೇಳುವುದೂ ಇದನ್ನೇ, ಸೊಸೆಗೆ ಸಾರಿನ ಪುಡಿ ಕಲಿಸುವ ಅತ್ತೆ ಹೇಳುವುದೂ ಇದನ್ನೇ. ಇಷ್ಟು ಜನ ಇಷ್ಟು ಕಾಲದಿಂದ ಒಂದೇ ಮಾತು ಹೇಳುತ್ತಿದ್ದಾರೆಂದರೆ ನಿಜವೇ ಇರಬೇಕು ಎಂದು ನಾನೂ ಬಹಳ ವರ್ಷ ನಂಬಿಕೊಂಡಿದ್ದೆ. ಈಗ ನಂಬುವುದಿಲ್ಲ. ಬ್ಯಾಡಗಿ ಬಣ್ಣಕ್ಕೆ ಎಂಬ ಈ ಮಾತು ನಮ್ಮ ಅಡುಗೆಮನೆಯ ಬಹು ದೊಡ್ಡ ತಪ್ಪುಗಳಲ್ಲಿ ಒಂದು. ಬ್ಯಾಡಗಿ ಸಿಗದೇ ಹೋದಾಗ ಅದರ ಜಾಗಕ್ಕೆ ನಾವು ಏನೇನೋ ಸುರಿದು ಮಾಡಿಕೊಳ್ಳುವ ಎಡವಟ್ಟುಗಳಿಗೆಲ್ಲ ಇದೇ ತಾಯಿಬೇರು.

ಹೇಗೆಂದರೆ, ಬ್ಯಾಡಗಿ ಎಂದರೆ ಬಣ್ಣ ಎಂದು ಒಪ್ಪಿದ ಮೇಲೆ ಅದರ ಬದಲಿಗೆ ಬೇರೆ ಯಾವ ಕೆಂಪಾದರೂ ನಡೆಯುತ್ತದೆ. ಕಾಶ್ಮೀರಿ ಎಂದು ಬರೆದಿರುವ ಪುಡಿಯ ಪೊಟ್ಟಣ ಒಡೆಯಬಹುದು. ಟೊಮೆಟೊ ಪೇಸ್ಟ್ ಸೇರಿಸಬಹುದು. ಬೀಟ್‌ರೂಟ್ ತುರಿದು ಹಿಂಡುವವರನ್ನೂ ಕಂಡಿದ್ದೇನೆ. ಪರದೇಶದಲ್ಲಿರುವ ನಮ್ಮವರಿಗೆ ಇನ್ನೂ ಸುಲಭದ ಸೂತ್ರವೊಂದು ಸಿಕ್ಕಿದೆ: ಬಣ್ಣಕ್ಕೆ ಪಾಪ್ರಿಕಾ, ಖಾರಕ್ಕೆ ಕಾಯೆನ್, ಎರಡೂ ಕೂಡಿದರೆ ಬ್ಯಾಡಗಿ. ಇಂಗ್ಲಿಷಿನ ಭಾರತೀಯ ಅಡುಗೆ ಪುಸ್ತಕಗಳಲ್ಲಿ ಈ ಸೂತ್ರ ಎಷ್ಟು ಸಲ ಬಂದಿದೆಯೆಂದರೆ, ಈಗ ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ಒಂದು ಕೂಡು ಒಂದು ಎರಡು ಎಂಬಷ್ಟು ಸಲೀಸು.

ಆ ಲೆಕ್ಕದ ಫಲವನ್ನು ನಾನು ಉಂಡಿದ್ದೇನೆ. ಅಮೆರಿಕದಲ್ಲಿರುವ ತಂಗಿಯ ಮಗನ ಮನೆಗೆ ಹೋದಾಗ ಅವನು ಉತ್ಸಾಹದಿಂದ ಬಂಗುಡೆ ಪುಳಿಮುಂಚಿ ಮಾಡಿದ. ಮೀನು ಚೆನ್ನಾಗಿತ್ತು. ಹುಣಸೆ, ಕೊತ್ತಂಬರಿ, ಮೆಂತ್ಯ, ಓಮ, ಬೆಳ್ಳುಳ್ಳಿ ಎಲ್ಲ ಇದ್ದವು. ಬ್ಯಾಡಗಿ ಮುಗಿದಿತ್ತು. ಎರಡು ದೊಡ್ಡ ಚಮಚ ಪಾಪ್ರಿಕಾ, ಅರ್ಧ ಸಣ್ಣ ಚಮಚ ಕಾಯೆನ್ ಬಿತ್ತು. ಮಣ್ಣಿನ ಪಾತ್ರೆಯಲ್ಲಿ ತಂದಿಟ್ಟಾಗ ನೋಡಲು ಹೋಟೆಲಿನ ಜಾಹೀರಾತಿನಂತೆ ಇತ್ತು. ಬಾಯಿಗಿಟ್ಟರೆ ಮೊದಲು ಹುಳಿ ಬಂತು, ಆಮೇಲೆ ನೀರು ಬಂತು, ಎಲ್ಲ ಮುಗಿದ ಮೇಲೆ ಎಲ್ಲಿಂದಲೋ ಒಂದು ಉರಿ ಬಂದು ಗಂಟಲಿಗೆ ಹಿಡಿಯಿತು. ರಸ ಮೀನಿನ ಮೇಲೆ ನಿಲ್ಲದೆ ತಟ್ಟೆಯ ಅಂಚಿಗೆ ಹರಿದು ಅಲ್ಲೇ ಕೆಂಪಗೆ ಕೂತಿತ್ತು. "ಬಣ್ಣ ಮಾತ್ರ ಸೂಪರ್ ಬಂದಿದೆ" ಎಂದ ಅವನು. ಬಣ್ಣ ಮಾತ್ರವೇ ಬಂದಿತ್ತು.

ಪುಳಿಮುಂಚಿಯನ್ನು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ತುಳುವಿನಲ್ಲಿ ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಹೆಸರಿನಲ್ಲಿ ಮೀನೂ ಇಲ್ಲ, ತೆಂಗಿನಕಾಯಿಯೂ ಇಲ್ಲ. ಕರಾವಳಿಯ ಎಷ್ಟೋ ಅಡುಗೆಗಳಲ್ಲಿ ತೆಂಗಿನಕಾಯಿ ಎಲ್ಲರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಮಸಾಲೆ ತೆಳುವಾದರೆ ಅದು ದಪ್ಪ ಕೊಡುತ್ತದೆ, ಖಾರ ಹೆಚ್ಚಾದರೆ ಸಿಹಿ ಕೊಡುತ್ತದೆ. ರೂಢಿಯ ಪುಳಿಮುಂಚಿಯಲ್ಲಿ ಆ ಆಸರೆ ಇಲ್ಲ. ಅಲ್ಲಿ ಗಟ್ಟಿ ರಸ ಎಂದು ನಾವು ಉಣ್ಣುವುದು ಬಹುಪಾಲು ಅರೆದ ಮೆಣಸಿನಕಾಯಿಯನ್ನೇ. ಇಪ್ಪತ್ತು ಇಪ್ಪತ್ತೈದು ಉದ್ದ ಮೆಣಸನ್ನು ಹುರಿದು, ನೆನೆಸಿ, ನುಣ್ಣಗೆ ಅರೆದರೆ ಒಂದು ಬಟ್ಟಲು ಮುದ್ದೆಯಾಗುತ್ತದೆ. ಆ ಮುದ್ದೆಯೇ ಪುಳಿಮುಂಚಿಯ ಮೈ. ಅರ್ಧ ಚಮಚ ಕಾಯೆನ್ ಅಷ್ಟು ಮೈ ಎಲ್ಲಿಂದ ತಂದೀತು?

ಬಣ್ಣದ ವಾದಿಗಳು ಮರೆಯುವುದು ಈ ಎಣಿಕೆಯನ್ನು. ಬ್ಯಾಡಗಿಗೆ ಖಾರ ಕಡಿಮೆ ಎಂದು ಅವರು ಅದೊಂದು ಕೊರತೆ ಎಂಬಂತೆ ಹೇಳುತ್ತಾರೆ, ಆ ಕೊರತೆಯನ್ನು ಗುಂಟೂರಿನಿಂದ ತುಂಬಿಸುತ್ತಾರೆ. ಖಾರ ಕಡಿಮೆ ಇರುವುದರಿಂದಲೇ ತಾನೆ ಒಂದು ಅಡುಗೆಗೆ ಇಪ್ಪತ್ತು ಕಾಯಿ ಹಾಕಲು ನಮಗೆ ಧೈರ್ಯ ಬರುವುದು? ಮಸಾಲೆ ಪದಾರ್ಥ ಎಂಬ ದರ್ಜೆಯಿಂದ ತರಕಾರಿಯ ದರ್ಜೆಗೆ ಅದು ಏರುವುದು ಆ ಸೌಮ್ಯತೆಯಿಂದ. ಕಡ್ಡಿ ಬ್ಯಾಡಗಿಯನ್ನು ಮುರಿದು ನೋಡಿ. ಒಳಗೆ ಬೀಜ ಕಡಿಮೆ, ಉಳಿದದ್ದೆಲ್ಲ ಸುಕ್ಕುಗಟ್ಟಿದ ಸಿಪ್ಪೆ. ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಟ್ಟರೆ ಸುಕ್ಕು ಬಿಡಿಸಿಕೊಂಡು ಉಬ್ಬುತ್ತದೆ. ಮೂಗಿನ ಹತ್ತಿರ ಹಿಡಿದರೆ ಒಣದ್ರಾಕ್ಷಿಯ, ಹಳೆಯ ಬೆಲ್ಲದ, ಸ್ವಲ್ಪ ಹೊಗೆಯ ವಾಸನೆ. ಅದು ಹಣ್ಣು. ಗಿಡದಲ್ಲಿ ಹಣ್ಣಾಗಿ, ಬಿಸಿಲಿಗೆ ಒಣಗಿದ ಹಣ್ಣು. ದ್ರಾಕ್ಷಿ ಇಲ್ಲದಿದ್ದರೆ ಪಾಯಸಕ್ಕೆ ಕಂದು ಬಣ್ಣ ಹಾಕಿ ಎಂದು ಯಾರೂ ಹೇಳುವುದಿಲ್ಲ. ಮೆಣಸಿನಕಾಯಿಗೆ ಮಾತ್ರ ಈ ಅನ್ಯಾಯ.

ಹಾಗಾದರೆ ಬ್ಯಾಡಗಿಯಲ್ಲಿ ಬಣ್ಣ ಇಲ್ಲವೇ? ಧಾರಾಳವಾಗಿದೆ. ಕ್ಯಾಪ್ಸ್ಯಾಂಥಿನ್ ಮತ್ತು ಅದರ ಬಳಗದ ಕೆಂಪು ದ್ರವ್ಯಗಳು ಅದರ ಸಿಪ್ಪೆಯಲ್ಲಿ ತುಂಬಿಕೊಂಡಿವೆ. ಇವು ನೀರಿಗೆ ಜಗ್ಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಕೋರಿ ಗಸಿಯ ಮೇಲೆ ಕೆಂಪೆಣ್ಣೆ ತೇಲುವುದು ಇದರಿಂದಲೇ. ಆದರೆ ಬಣ್ಣ ಇದೆ ಎಂಬುದಕ್ಕೂ ಬಣ್ಣಕ್ಕಾಗಿಯೇ ಇದೆ ಎಂಬುದಕ್ಕೂ ಅಜಗಜಾಂತರ. ಮಾವಿನ ಹಣ್ಣಿಗೂ ಬಣ್ಣವಿದೆ.

ಈ ಮಾತು ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ ಎಂಬುದು ನನ್ನ ಅನುಮಾನ. ಮಂಡಿಯಲ್ಲಿ ಹುಟ್ಟಿ ಅಡುಗೆಮನೆಗೆ ನುಗ್ಗಿದ್ದು. ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಗೆ ಹಂಗಾಮಿನಲ್ಲಿ ಹೋದವರಿಗೆ ಗೊತ್ತು, ಊರಿಗೆ ಊರೇ ಕೆಂಪಗಿರುತ್ತದೆ, ಇಳಿದ ಐದು ನಿಮಿಷಕ್ಕೆ ಸೀನು ಶುರುವಾಗುತ್ತದೆ. ಸೋಮವಾರ, ಗುರುವಾರ ರಾಶಿಗಳ ಮುಂದೆ ವ್ಯಾಪಾರ. ಅಲ್ಲಿಂದ ಹೊರಡುವ ಮಾಲಿನಲ್ಲಿ ದೊಡ್ಡ ಪಾಲು ಯಾರ ಒಗ್ಗರಣೆಗೂ ಹೋಗುವುದಿಲ್ಲ. ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಕಾಯಿಯಿಂದ ಬಣ್ಣದ ಸತ್ವ ಹಿಂಡಿ ಸಾಸೇಜಿಗೆ, ಚಿಪ್ಸಿಗೆ, ತುಟಿಗೆ ಹಚ್ಚುವ ಬಣ್ಣಕ್ಕೆ ಕಳಿಸುತ್ತಾರೆ. ಪೊಟ್ಟಣದ ತಿಂಡಿಗಳ ಹಿಂಬದಿಯಲ್ಲಿ ಇ 160ಸಿ ಎಂದು ಕಾಣುವುದು ಇದೇ ಜಾತಿಯ ದ್ರವ್ಯ. ಆ ಕಾರ್ಖಾನೆಯ ಮಟ್ಟಿಗೆ ಬ್ಯಾಡಗಿ ಬಣ್ಣಕ್ಕೆ ಎಂಬ ಮಾತು ಅಕ್ಷರಶಃ ಸರಿ. ಅವರು ಬೆಲೆ ಕಟ್ಟುವುದು ಆಸ್ಟಾ ಅಂಕಿಗೆ. ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ಹೆಸರಿನ ಆ ಅಳತೆಯಲ್ಲಿ ಮೆಣಸಿನ ಪುಡಿಯನ್ನು ಅಸಿಟೋನಿನಲ್ಲಿ ನೆನೆಹಾಕಿ, ಇಳಿದ ದ್ರವದ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕನ್ನು ಅದು ನುಂಗಿತು ಎಂದು ಓದುತ್ತಾರೆ. ನಾವೇನು ಅಸಿಟೋನಿನಲ್ಲಿ ಸಾರು ಕುದಿಸುತ್ತೇವೆಯೇ? ಯಂತ್ರಕ್ಕೆ ಮೂಗಿಲ್ಲ, ಅದು ಅದರ ತಪ್ಪಲ್ಲ. ಮೂಗಿದ್ದೂ ಆ ಅಂಕಿಯನ್ನು ನಾವು ಮನೆಗೆ ಹೊತ್ತು ತಂದೆವಲ್ಲ!

ಖಾರದ ಅಂಕಿಯ ಕತೆಯೂ ಇಷ್ಟೆ. 1912ರಲ್ಲಿ ವಿಲ್ಬರ್ ಸ್ಕೊವಿಲ್ ಎಂಬ ಅಮೆರಿಕದ ಔಷಧ ತಜ್ಞ ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ಕಲಸಿ, ಖಾರ ನಾಲಿಗೆಗೆ ತಿಳಿಯದಷ್ಟಾಗುವವರೆಗೆ ತೆಳುಗೊಳಿಸುತ್ತ ಹೋದ. ಎಷ್ಟು ಪಟ್ಟು ತೆಳುವಾಗಬೇಕಾಯಿತೋ ಅದೇ ಆ ಮೆಣಸಿನ ಅಂಕಿ. ಅವನು ಕೆಲಸ ಮಾಡುತ್ತಿದ್ದುದು ಔಷಧ ಕಂಪನಿಯಲ್ಲಿ, ಅವನಿಗೆ ಬೇಕಿದ್ದುದು ಖಾರದ ಅಳತೆಯೊಂದೇ. ಈಗ ಅದೇ ಪಟ್ಟಿ ಅಡುಗೆಯವರ ಕೈಗೆ ಬಂದು ಬದಲಿ ಹುಡುಕುವ ಪಂಚಾಂಗವಾಗಿದೆ. ಈ ಮೆಣಸಿಗೆ ಇಷ್ಟು ಸಾವಿರ, ಆ ಮೆಣಸಿಗೂ ಇಷ್ಟೇ ಸಾವಿರ, ಆದ್ದರಿಂದ ಅದರ ಬದಲು ಇದು. ತೂಕ ಒಂದೇ ಎಂದು ಬದನೆಕಾಯಿಯ ಬದಲು ಬಾಳೆಹಣ್ಣು ಹಾಕಿದ ಹಾಗೆ.

ಬರೀ ಬಣ್ಣವೇ ಗುರಿಯಾದರೆ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು 2005ರಲ್ಲಿ ಬ್ರಿಟನ್ ಕಂಡಿತು. ಮೆಣಸಿನ ಪುಡಿಯಲ್ಲಿ ಸುಡಾನ್ 1 ಎಂಬ ಕೈಗಾರಿಕಾ ಬಣ್ಣ ಬೆರೆತಿತ್ತು. ಆ ಪುಡಿ ವೂಸ್ಟರ್ ಸಾಸಿಗೆ, ಆ ಸಾಸು ಮತ್ತೆಷ್ಟೋ ಸಿದ್ಧ ಆಹಾರಗಳಿಗೆ ಸೇರಿಹೋಗಿ, ನೂರಾರು ಬಗೆಯ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸು ತೆಗೆಸಬೇಕಾಯಿತು. ಆ ಕಲಬೆರಕೆ ಮಾಡಿದವರ ಮೇಲೆ ನನಗೆ ಸಿಟ್ಟಿದೆ. ಆದರೆ ತರ್ಕದಲ್ಲಿ ಅವರು ನಮಗಿಂತ ಒಂದೇ ಹೆಜ್ಜೆ ಮುಂದೆ. ಮೆಣಸಿನಕಾಯಿಯ ಕೆಲಸ ಕೆಂಪಾಗಿಸುವುದು ಎಂದು ನಾವೇ ಹೇಳಿಕೊಟ್ಟೆವು, ಹೆಚ್ಚು ಅಗ್ಗದ ಕೆಂಪನ್ನು ಅವರು ಹುಡುಕಿಕೊಂಡರು.

ಕಾಶ್ಮೀರಿ ಎಂಬ ಪೊಟ್ಟಣದ ಬಗ್ಗೆ ಒಂದು ಮಾತು. ಬ್ಯಾಡಗಿಯ ಬದಲು ಕಾಶ್ಮೀರಿ ಎಂದು ಹೇಳುವವರು ಕಾಶ್ಮೀರದ ಅಡುಗೆಯವರನ್ನು ನೋಡಿ ಕಲಿಯಬೇಕಾದ್ದಿದೆ. ಅಲ್ಲಿನ ರೋಗನ್ ಜೋಶಿನಲ್ಲಿ ಕೆಂಪು ಬೇಕೆಂದಾಗ ಅವರು ಮೆಣಸಿನಕಾಯಿಯೊಂದರ ಮೇಲೇ ಭಾರ ಹೊರಿಸುವುದಿಲ್ಲ. ಕೋಳಿಜುಟ್ಟಿನ ಹೂವಿನ ಕಷಾಯ ಹಾಕುತ್ತಾರೆ, ಅದಕ್ಕೆ ಮಾವಲ್ ಎಂದು ಹೆಸರು. ರತನ್‌ಜೋತ್ ಎಂಬ ಬೇರನ್ನು ಎಣ್ಣೆಯಲ್ಲಿ ಬಿಟ್ಟು ಕೆಂಪು ತೆಗೆಯುವುದೂ ಉಂಟು. ಬಣ್ಣ ಬೇಕಾದಾಗ ಬಣ್ಣದ ಗಿಡ, ಮೆಣಸು ಬೇಕಾದಾಗ ಮೆಣಸು. ನಮ್ಮಲ್ಲಿ ಬೇಯುವುದೆಲ್ಲ ಬೆಂದ ಮೇಲೆ, ಇಳಿಸುವ ಮುನ್ನ, "ಬಣ್ಣಕ್ಕೆ ಸ್ವಲ್ಪ ಕಾಶ್ಮೀರಿ" ಎಂದು ಮೇಲಿಂದ ಉದುರಿಸುತ್ತೇವೆ. ಹಸಿ ಪುಡಿಯ ವಾಸನೆ ಊಟ ಮುಗಿಯುವವರೆಗೂ ಹೋಗುವುದಿಲ್ಲ.

ಈ ಬಣ್ಣ-ಖಾರದ ಲೆಕ್ಕ ಎಷ್ಟು ಪೊಳ್ಳು ಎಂದು ತಿಳಿಯಬೇಕಾದರೆ ಮೆಣಸಿನಕಾಯಿಯ ತವರಿಗೇ ಹೋಗಬೇಕು. ನಾವು ಒಣಮೆಣಸಿನಕಾಯಿ ಎಂದು ಹಸಿಯದರ ಹೆಸರಿಗೇ 'ಒಣ' ಸೇರಿಸಿ ಸುಮ್ಮನಾಗುತ್ತೇವೆ. ಮೆಕ್ಸಿಕೊದವರು ಒಣಗಿದ ಕೂಡಲೇ ಹೆಸರನ್ನೇ ಬದಲಿಸುತ್ತಾರೆ. ಹಸಿಯಾಗಿದ್ದಾಗ ಪೊಬ್ಲಾನೊ, ಒಣಗಿದರೆ ಆಂಚೊ. ಹಸಿ ಚಿಲಾಕಾ ಒಣಗಿದರೆ ಪಸಿಯಾ. ಮಿರಾಸೋಲ್ ಒಣಗಿದರೆ ಗುವಾಹಿಯೊ. ಹಲಪೆನ್ಯೊವನ್ನು ಹೊಗೆಯಲ್ಲಿ ಒಣಗಿಸಿದರೆ ಚಿಪೋಟ್ಲೆ. ಒಣಗುವಾಗ ನೀರಷ್ಟೇ ಹೋಗುವುದಿಲ್ಲ, ಕಾಯಿಯ ಸ್ವಭಾವವೇ ಬೇರೆಯಾಗುತ್ತದೆ ಎಂಬ ತಿಳಿವು ಆ ಹೆಸರುಗಳಲ್ಲೇ ಇದೆ. (ನಮ್ಮಲ್ಲೂ ಈ ತಿಳಿವು ಇಲ್ಲದೆ ಇಲ್ಲ. ಉತ್ತರ ಕರ್ನಾಟಕದವರು ರಂಜಕಕ್ಕೆ ಹಸಿಯಾದ ಕೆಂಪು ಹಣ್ಣನ್ನೇ ಹುಡುಕುತ್ತಾರೆ. ಒಣಗಿದ್ದನ್ನು ನೆನೆಸಿ ಅರೆದು ರಂಜಕ ಎಂದು ಬಡಿಸಿದರೆ ಒಂದು ತುತ್ತಿಗೇ ಕಂಡುಹಿಡಿಯುತ್ತಾರೆ.)

ಪುಯೆಬ್ಲಾದ ಮೋಲೆ ಎಂಬ ಗಟ್ಟಿ ಗೊಜ್ಜಿಗೆ ರೂಢಿಯಲ್ಲಿ ಮೂರು ಒಣಮೆಣಸು ಬೀಳುತ್ತವೆ: ಆಂಚೊ, ಮುಲಾತೊ, ಪಸಿಯಾ. ಮೂರೂ ಸೌಮ್ಯ, ಮೂರೂ ಕಪ್ಪುಗೆಂಪು. ಆಂಚೊ ಮತ್ತು ಮುಲಾತೊ ಎರಡೂ ಪೊಬ್ಲಾನೊ ಬಳಗದವೇ. ನಮ್ಮ ಅಂಗಡಿಯವರ ಪ್ರಶ್ನೆಯನ್ನು ಅಲ್ಲಿ ಕೇಳಿದರೆ ಮೂರಕ್ಕೂ ಒಂದೇ ಉತ್ತರ ಬಂದು, ಎರಡು ಮೆಣಸು ಕೆಲಸ ಕಳೆದುಕೊಳ್ಳುತ್ತವೆ. ಆದರೂ ಅಲ್ಲಿನ ಅಜ್ಜಿಯರು ಮೂರನ್ನೂ ಬೇರೆ ಬೇರೆಯಾಗಿ ಹುರಿದು ಹಾಕುತ್ತಾರೆ. ಆಂಚೊ ಒಣಹಣ್ಣಿನ ಸಿಹಿ ತರುತ್ತದೆ, ಮುಲಾತೊ ಚಾಕಲೇಟಿಗೆ ಹತ್ತಿರದ ಒಂದು ಗಾಢತೆ ತರುತ್ತದೆ, ಪಸಿಯಾ ಸೊಪ್ಪಿನ ಕಹಿಯಂಥದ್ದೊಂದನ್ನು ತರುತ್ತದೆ. ಒಹಾಕಾದ ಕಪ್ಪು ಮೋಲೆಗೆ ಬೇಕಾದ ಚಿಲ್‌ವಾಕ್ಲೆ ಅಪರೂಪವಾಗಿ ದುಬಾರಿಯಾದಾಗ ಅಲ್ಲಿಯವರೂ ಬದಲಿ ಹುಡುಕುತ್ತಾರೆ. ಆದರೆ ಕಪ್ಪು ಬಣ್ಣದ ಪುಡಿ ತರುವುದಿಲ್ಲ, ಗುವಾಹಿಯೊ, ಮುಲಾತೊಗಳನ್ನು ಕಡುವಾಗಿ ಹುರಿದು ಆ ರುಚಿಯ ಹತ್ತಿರಕ್ಕೆ ನಡೆಯುತ್ತಾರೆ.

ಬದಲಿಯೇ ಕೂಡದು ಎನ್ನುವ ಮಡಿವಂತರ ಕಡೆಗೂ ನಾನಿಲ್ಲ. ಅವರ ವಾದ ಬೇಗ ಮುಗಿಯುತ್ತದೆ, ಏಕೆಂದರೆ ನಮ್ಮಲ್ಲಿ ಮೆಣಸಿನಕಾಯಿಯೇ ಒಂದು ಬದಲಿ. ಪೋರ್ಚುಗೀಸರ ಹಡಗಿನಲ್ಲಿ ಅದು ಬರುವ ಮೊದಲು ಇಲ್ಲಿ ಖಾರ ಎಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿಗೆ ಹೆಸರಿಡಬೇಕಾದಾಗ ಕನ್ನಡಿಗರು ಹಳೆಯ ಮೆಣಸಿನ ಹೆಸರನ್ನೇ ಹಿಗ್ಗಿಸಿ ಮೆಣಸಿನಕಾಯಿ ಎಂದರು. ಕರಾವಳಿಯಲ್ಲಂತೂ ಬಂದವನೇ ಮನೆಯ ಯಜಮಾನನಾಗಿ, ಮೆಣಸು ಎಂದರೆ ಕೆಂಪುಕಾಯಿ ಎಂದೇ ಆಗಿ, ಪಾಪ, ಮೂಲದವನನ್ನು ಒಳ್ಳೆಮೆಣಸು ಎಂದು ಬೇರೆ ಕರೆಯಬೇಕಾಯಿತು. ತುಳುವಿನಲ್ಲೂ ಅದು ಎಡ್ಡೆ ಮುಂಚಿ. ಎಡ್ಡೆ ಎಂದರೂ ಒಳ್ಳೆಯದೇ. ಆದರೂ ಗಮನಿಸಿ, ಆ ಬದಲಾವಣೆ ಮಾಡಿದವರು ಒಳ್ಳೆಮೆಣಸನ್ನು ಅಡುಗೆಯಿಂದ ಓಡಿಸಲಿಲ್ಲ. ಪುಳಿಮುಂಚಿಗೆ ಈಗಲೂ ನಾಲ್ಕು ಕಾಳು ಬೀಳುತ್ತದೆ. ಕೊಡಗಿನ ಪಂದಿಕರಿ ಕಾಳುಮೆಣಸು ಮತ್ತು ಕಾಚಂಪುಳಿಯ ಬಲದ ಮೇಲೇ ನಿಂತಿದೆ, ಅದನ್ನು ಕೆಂಪು ಮಾಡಬೇಕೆಂದು ಯಾರಿಗೂ ಅನ್ನಿಸಿಲ್ಲ.

ಇದೆಲ್ಲ ಹೊಟ್ಟೆ ತುಂಬಿದವರ ನಾಜೂಕು, ಬಡವರ ಮನೆಯಲ್ಲಿ ಇದ್ದದ್ದನ್ನು ಹಾಕುತ್ತಾರೆ ಎಂಬ ಆಕ್ಷೇಪ ನನಗೆ ಗೊತ್ತಿದೆ. ಒಳ್ಳೆಯ ಡಬ್ಬಿ ಬ್ಯಾಡಗಿ ಕ್ವಿಂಟಲಿಗೆ ಐವತ್ತು ಸಾವಿರ ರೂಪಾಯಿ ದಾಟಿದ ವರ್ಷಗಳಿವೆ, ಎಲ್ಲರಿಗೂ ಎಟಕುವುದಿಲ್ಲ ಎಂಬುದೂ ನಿಜ. ಆದರೆ ಇದ್ದದ್ದರಲ್ಲಿ ಅಡುಗೆ ಮಾಡುವವರು ನಿಜವಾಗಿ ಏನು ಮಾಡುತ್ತಾರೆ? ಅವರು ಕೋರಿ ಗಸಿಗೆ ಕೆಂಪು ಬಣ್ಣ ಬೆರೆಸುವುದಿಲ್ಲ, ಅವತ್ತು ಗಸಿಯನ್ನೇ ಮಾಡುವುದಿಲ್ಲ. ನಾಲ್ಕು ಖಾರದ ಮೆಣಸು ಸುಟ್ಟು, ಹುಣಸೆ, ಬೆಳ್ಳುಳ್ಳಿ, ಉಪ್ಪು ಇಟ್ಟು ಚಟ್ನಿ ಅರೆಯುತ್ತಾರೆ. ಗುರೆಳ್ಳು ಪುಡಿಗೆ, ಶೇಂಗಾ ಪುಡಿಗೆ ಖಾರದ ಕಾಯಿಯೇ ಸಾಕು, ಅಲ್ಲಿ ಮೈ ಕೊಡಲು ಎಣ್ಣೆಕಾಳು ಇದೆ. ಮಜ್ಜಿಗೆಯಲ್ಲಿ ನೆನೆದ ಬಾಳಕವನ್ನು ಕರಿದರೆ ಒಂದು ಊಟವೇ ಆಗುತ್ತದೆ. ಕಾಯಿ ನೋಡಿ ಅಡುಗೆ ಆರಿಸುವ ಈ ವಿವೇಕ ಇರುವುದು ಇಲ್ಲದವರಲ್ಲೇ. ಅಡುಗೆ ಮೊದಲು ಗೊತ್ತುಮಾಡಿ, ಫೋಟೋದಲ್ಲಿ ಅದು ಹೇಗಿರಬೇಕೆಂದು ಗೊತ್ತುಮಾಡಿ, ಆಮೇಲೆ ಪೊಟ್ಟಣಗಳಿಂದ ಆ ಫೋಟೋ ಕಟ್ಟುವವರು ನಾವು.

ಹಾಗಾದರೆ ಬ್ಯಾಡಗಿ ಇಲ್ಲದ ದಿನ ಏನು ಮಾಡಬೇಕು? ಆ ಅಡುಗೆಯಲ್ಲಿ ಮೆಣಸಿನಕಾಯಿ ಯಾವ ಕೆಲಸಕ್ಕಿತ್ತು ಎಂದು ಕೇಳಿಕೊಳ್ಳಬೇಕು. ಒಗ್ಗರಣೆಗಾದರೆ ತಲೆ ಕೆಡಿಸಿಕೊಳ್ಳಬೇಡಿ. ಎಣ್ಣೆಯಲ್ಲಿ ಉಬ್ಬಿ, ಅಂಚು ಕಪ್ಪಾಗಿ, ಘಮ ಬಿಟ್ಟು ತಟ್ಟೆಯ ಬದಿಗೆ ಸರಿಯುವುದಷ್ಟೇ ಅದರ ಪಾತ್ರ. ಗುಂಟೂರು ಆಗಬಹುದು, ರಾಮನಾಥಪುರದ ಗುಂಡು ಮೆಣಸು ಆಗಬಹುದು, ಮೆಕ್ಸಿಕೊದ ಆರ್ಬೋಲ್ ಕೂಡ ಆಗಬಹುದು. ಬಿಸಿಬೇಳೆ ಬಾತಿನ ಪುಡಿಯಲ್ಲಿ ಕಡಲೆಬೇಳೆ, ಚಕ್ಕೆ, ಮೊಗ್ಗು, ಕೊಬ್ಬರಿಗಳ ಗದ್ದಲದ ನಡುವೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಪ್ರಾಣವೇನೂ ಹೋಗುವುದಿಲ್ಲ. ಆದರೆ ಗಸಿ, ಪುಳಿಮುಂಚಿ, ಅನಾನಸಿನ ಮೆಣಸ್ಕಾಯಿ, ಮಸಾಲೆ ದೋಸೆಯ ಒಳಮೈಗೆ ಸವರುವ ಕೆಂಪು ಚಟ್ನಿ, ಇವುಗಳಲ್ಲಿ ಎಣಿಕೆ ತಪ್ಪಬಾರದು. ಇಪ್ಪತ್ತು ಕಾಯಿ ಇದ್ದ ಕಡೆ ಹೆಚ್ಚುಕಡಿಮೆ ಅಷ್ಟೇ ತೂಕದ ಬೇರೆ ಇಡೀ ಕಾಯಿ ಬೇಕು.

ಗುಂಟೂರು ಬಿಟ್ಟು ಬೇರೆ ಗತಿಯಿಲ್ಲ ಎಂದರೆ ಅದರ ಹೊಟ್ಟೆ ಬಗೆಯಿರಿ. ಖಾರ ಬೀಜದಲ್ಲಿದೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ಖಾರ ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಪೊರೆಯಲ್ಲಿ, ಬೀಜಕ್ಕೆ ಅದು ಮೆತ್ತಿಕೊಂಡಿರುತ್ತದೆ ಅಷ್ಟೆ. ಪೊರೆ, ಬೀಜ ಎರಡನ್ನೂ ಕೆರೆದು ತೆಗೆದರೆ ಖಾರ ಬಹುಪಾಲು ಇಳಿದು, ಹತ್ತು ಹನ್ನೆರಡು ಕಾಯಿ ಹಾಕುವಷ್ಟು ಅವಕಾಶ ಸಿಗುತ್ತದೆ. ಬ್ಯಾಡಗಿಯ ಒಣದ್ರಾಕ್ಷಿ ಘಮ ಬರುವುದಿಲ್ಲ, ಮೈ ಬರುತ್ತದೆ. ಕೆರೆದ ಕೈಯಲ್ಲಿ ಕಣ್ಣು ಮುಟ್ಟಬೇಡಿ ಎಂದು ಹೇಳುವ ಅಗತ್ಯವಿಲ್ಲವೇನೋ, ಆದರೂ ಅನುಭವಿಯಾಗಿ ಹೇಳುತ್ತಿದ್ದೇನೆ.

ಇಡೀ ಕಾಯಿ ಎಂದು ಒತ್ತಿ ಹೇಳಿದ್ದಕ್ಕೂ ಕಾರಣವಿದೆ. ಯಾವ ತಳಿಯ ಬದಲು ಯಾವ ತಳಿ ಎಂದು ಗಂಟೆಗಟ್ಟಲೆ ವಾದಿಸುವವರು ಕಾಯಿಯ ಬದಲು ಪುಡಿ ಎಂಬ ಇನ್ನೂ ದೊಡ್ಡ ಬದಲಾವಣೆಯನ್ನು ಕಣ್ಣುಮುಚ್ಚಿ ಮಾಡುತ್ತಾರೆ. ನಾಲ್ಕು ಕಾಯಿಗೆ ಒಂದು ಚಮಚ ಪುಡಿ ಎಂದು ಬರೆದುಬಿಡುತ್ತಾರೆ. ಕಾಯಿಯನ್ನು ಸಣ್ಣ ಉರಿಯಲ್ಲಿ ಎಣ್ಣೆ ಸವರಿ ಹುರಿಯಬಹುದು. ಪುಡಿಯನ್ನು ಬಿಸಿ ಎಣ್ಣೆಗೆ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೀದು ಕಹಿಯಾಗುತ್ತದೆ, ಮನೆಯವರೆಲ್ಲ ಕೆಮ್ಮುತ್ತಾರೆ. ನೆನೆಸಿ ಅರೆದ ಸಿಪ್ಪೆ ಹುಣಸೆರಸವನ್ನು ಹಿಡಿದು ನಿಲ್ಲಿಸುತ್ತದೆ, ಪುಡಿ ತಳಕ್ಕೆ ಇಳಿದು ಮರಳಿನಂತೆ ಕೂರುತ್ತದೆ. ಪುಡಿ ಮಾಡಿದ ಗಳಿಗೆಯಿಂದ ಘಮ ಹಾರಲು ಶುರುವಾಗುತ್ತದೆ, ಗಾಜಿನ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಇಟ್ಟರೆ ಆ ಪ್ರಖ್ಯಾತ ಬಣ್ಣವೂ ಬೆಳಕಿಗೆ ಬಾಡುತ್ತದೆ. ಪುಡಿ ಬೇಕಾದ ಅಡುಗೆಗಳಿವೆ, ಉಪ್ಪಿನಕಾಯಿ ಇದೆ, ಪಲ್ಯ ಇದೆ. ಗಸಿ ಅವುಗಳಲ್ಲಿ ಒಂದಲ್ಲ.

ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಧಾರವಾಡ, ಹಾವೇರಿ, ಗದಗ ಸೀಮೆಯ ಈ ಕಾಯಿ ಬೇರೆಲ್ಲೂ ಹೀಗೆ ಬರುವುದಿಲ್ಲ ಎಂದು ಕಾನೂನು ಒಪ್ಪಿತು. ವಿಚಿತ್ರವೆಂದರೆ ಬ್ಯಾಡಗಿ ಪೇಟೆಯಲ್ಲೇ ಈಗ 5531, 2043 ಎಂದು ಅಂಕಿಯಿಂದ ಕರೆಸಿಕೊಳ್ಳುವ ಹೈಬ್ರಿಡ್ ಕಾಯಿಗಳೂ ರಾಶಿ ಬೀಳುತ್ತವೆ. ದೂರದೂರಿನ ಗ್ರಾಹಕರಿಗೆ ಎಷ್ಟೋ ಸಲ ಎಲ್ಲವೂ ಬ್ಯಾಡಗಿಯೇ. ಬಣ್ಣ ಸರಿಯಿದ್ದರೆ ಸಾಕು ಎಂದ ಮೇಲೆ ಅವರಿಗೆ ತಕರಾರು ಮಾಡಲು ಬಾಯಿ ಎಲ್ಲಿದೆ?

ತಂಗಿಯ ಮಗನ ಮನೆಯ ಕತೆ ಅಲ್ಲಿಗೆ ಮುಗಿದಿರಲಿಲ್ಲ. ಮರುದಿನ ಅವನನ್ನು ಹೊರಡಿಸಿಕೊಂಡು ಹತ್ತಿರದ ಮೆಕ್ಸಿಕನ್ ದಿನಸಿ ಅಂಗಡಿಗೆ ಹೋದೆ. ಗೋಡೆಯುದ್ದಕ್ಕೂ ಒಣಮೆಣಸಿನ ಚೀಲಗಳು. ಬಣ್ಣದಲ್ಲಿ ಬ್ಯಾಡಗಿಗಿಂತ ಕಪ್ಪಾದ, ಅಗಲವಾದ ಆಂಚೊವನ್ನು ಮುಟ್ಟಿ ನೋಡಿದೆ, ಮೆತ್ತಗೆ ಖರ್ಜೂರದ ಹಾಗಿತ್ತು, ವಾಸನೆಗೆ ಮರುಳಾಗಿ ಎರಡು ಹಿಡಿ ತುಂಬಿಕೊಂಡೆ. ಗಲ್ಲಾದ ಹತ್ತಿರ ಕೂತಿದ್ದ ಹೆಂಗಸು ಚೀಲ ತೂಗುವ ಮೊದಲು ಏನು ಮಾಡುತ್ತೀರಿ ಎಂದು ಕೇಳಿದಳು. ಮೀನು ಎಂದೆ. ಮತ್ತೇನು ಎಂದಳು. ಹುಣಸೆ ಎಂದು ಹೇಳಲು ಅವನು ಫೋನಿನಲ್ಲಿ ಸ್ಪ್ಯಾನಿಷ್ ಪದ ಹುಡುಕಿದ. ತಮರಿಂದೊ ಎಂದು ತೋರಿಸಿದ್ದೇ ಆಕೆ ತಲೆಯಾಡಿಸಿ, ಎದ್ದು ಹೋಗಿ, ಆಂಚೊವನ್ನು ವಾಪಸು ಚೀಲಕ್ಕೆ ಸುರಿದು, ಉದ್ದನೆಯ, ನುಣುಪು ಸಿಪ್ಪೆಯ ಗುವಾಹಿಯೊ ತುಂಬಿಕೊಟ್ಟಳು. ಹುಳಿ ಕಡಿಮೆ ಹಾಕಿ, ಇದರಲ್ಲೇ ಸ್ವಲ್ಪ ಇದೆ, ಅರೆದ ಮೇಲೆ ಸೋಸಿ ಎಂದು ಕೈಸನ್ನೆಯಲ್ಲಿ ಹೇಳಿದಳು.

ಸೋಸಲು ಹೇಳಿದ್ದು ಏಕೆಂದು ಮನೆಗೆ ಬಂದ ಮೇಲೆ ತಿಳಿಯಿತು. ಗುವಾಹಿಯೊ ಸಿಪ್ಪೆ ತೊಗಲಿನಂತೆ, ಒಂದು ಗಂಟೆ ನೆನೆದರೂ ಮಿಕ್ಸಿಗೆ ಪೂರ್ತಿ ಬಗ್ಗಲಿಲ್ಲ. ಜರಡಿಯಲ್ಲಿ ಒತ್ತಿ ಒತ್ತಿ ತೆಗೆದ ಮುದ್ದೆ ಒಂದು ಬಟ್ಟಲಾಯಿತು. ಅಂಗಡಿಯ ಪಾಪ್ರಿಕಾಗಿಂತ ಬಣ್ಣ ಮಂಕು, ಇಟ್ಟಿಗೆಯ ಹಾಗೆ. ಹುಣಸೆಯನ್ನು ಅರ್ಧಕ್ಕೆ ಇಳಿಸಿದೆವು, ಖಾರಕ್ಕೆ ಮೂರು ಆರ್ಬೋಲ್, ಜೊತೆಗೆ ಮಾಮೂಲಿನಂತೆ ಒಳ್ಳೆಮೆಣಸು. ಊರಿನ ರುಚಿ ಬಂತು ಎಂದರೆ ಸುಳ್ಳಾಗುತ್ತದೆ, ಆ ಹೊಗೆಯ ಘಮ ಇರಲಿಲ್ಲ. ರಸ ಮಾತ್ರ ಮೀನನ್ನು ಬಿಡದೆ ಹಿಡಿದಿತ್ತು. ಅವನು ಮೂರನೇ ಸಲ ಅನ್ನ ಹಾಕಿಸಿಕೊಳ್ಳುವಾಗ, ಫೋಟೋ ತೆಗೆಯಲು ಮರೆತೆನಲ್ಲ ಎಂದು ಹೇಳಿ, ಪಾತ್ರೆಯ ತಳ ಕೆರೆದು ನೋಡಿದ. ಬೆನ್ನುಮೂಳೆ ಒಂದು ಉಳಿದಿತ್ತು.